ಹದಿನೈದು, ಅಥವಾ ಅದಕ್ಕಿಂತ ಹೆಚ್ಚು

"ಹೊರಗಿನಿಂದ ಬರುವ ಹುಡುಗರು ಬರೆಯುವ ಪೇಪರನ್ನೇ ನಿಮ್ಮ ಹೆಂಗಸರೂ ಬರೀಬೇಕು. ಅರ್ಧ ಅಂಕವೂ ಸಡಿಲ ಬಿಡೋದಿಲ್ಲ," ಅಂದರು ವರ್ಕ್ಸ್ ಮ್ಯಾನೇಜರ್.

"ಆಗಲಿ ಸರ್," ಅಂದೆ. ಅಷ್ಟು ಬೇಗ ಒಪ್ಪುತ್ತೇನೆ ಅಂತ ಅವರು ಅಂದುಕೊಂಡಿರಲಿಲ್ಲ. ಕನ್ನಡಕ ತೆಗೆದು ನನ್ನ ಮುಖ ನೋಡಿದರು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ಪುಣೆಯ ಅಂಚಿನ ಭೋಸರಿಯ ನಮ್ಮ ಕಾರ್ಖಾನೆಯಲ್ಲಿ ಪ್ರೆಶರ್ ಗೇಜ್ ತಯಾರಾಗುತ್ತಿದ್ದವು. ಬಾಯ್ಲರು, ಕಂಪ್ರೆಸರುಗಳ ಮೇಲೆ ಗಡಿಯಾರದ ಹಾಗೆ ಕೂತು ಒಳಗಿನ ಒತ್ತಡ ತೋರಿಸುವ ಮುಳ್ಳಿನ ಮಾಪಕಗಳು. ತಪಾಸಣೆ ವಿಭಾಗ ನನ್ನ ಕೈಲಿತ್ತು. ಆ ವರ್ಷ ದೊಡ್ಡ ಗಿರಾಕಿಯೊಬ್ಬರು ಹೊಸದಾಗಿ ಒಂದು ಕರಾರು ಹಾಕಿದರು. ಒಟ್ಟಿಗೆ ಕಳಿಸುವ ಪ್ರತಿ ಕಂತಿನ, ಅಂದರೆ ಲಾಟಿನ, ಜೊತೆ ಮಾದರಿ ಗೇಜುಗಳ ಅಳತೆ, ಅವುಗಳ ಸರಾಸರಿ ಮತ್ತು ಮಧ್ಯಾಂಕ ಬರೆದ ಸರ್ಟಿಫಿಕೇಟು ಬೇಕು. ಇದ್ದ ಇನ್ಸ್‌ಪೆಕ್ಟರುಗಳು ಸಾಲುವುದಿಲ್ಲ ಅಂತ ಗೊತ್ತಾಯಿತು. ಐಟಿಐ ಮುಗಿಸಿದ ಹುಡುಗರನ್ನು ಕರೆಸೋಣ ಎಂದು ಮ್ಯಾನೇಜರ್ ಹೇಳಿದರು. ಜೋಡಣೆ ಲೈನಿನಲ್ಲಿ ವರ್ಷಗಟ್ಟಲೆ ಮುಳ್ಳು ಕೂರಿಸಿದ ಹೆಂಗಸರಿದ್ದಾರಲ್ಲ, ಅವರಿಗೂ ಅವಕಾಶ ಕೊಡಿ ಎಂದು ನಾನು ಹೇಳಿದೆ. ಆ ಮಾತಿಗೆ ಬಂದ ಷರತ್ತು ಮೇಲಿನದು. ಪೇಪರ್ ತೆಗೆಯುವವರು ಹೊರಗಿನ ಒಬ್ಬ ಪಾಲಿಟೆಕ್ನಿಕ್ ಮಾಸ್ತರರು.

ನಾಲ್ವರು ಮುಂದೆ ಬಂದರು. ಮೂವರು ಅಲ್ಲೇ ಆಸುಪಾಸಿನ ಮರಾಠಿ ಹೆಂಗಸರು. ನಾಲ್ಕನೆಯವಳು ಸುರಪುರದ ಕಡೆಯವಳು. ತಂದೆತಾಯಿ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದಾಗ ಇವಳು ಕಂಕುಳಲ್ಲಿದ್ದಳಂತೆ. ಮುನಸಿಪಾಲ್ಟಿಯ ಮರಾಠಿ ಶಾಲೆಯಲ್ಲಿ ಎಂಟನೇ ತರಗತಿವರೆಗೆ ಓದಿದ್ದಳು. ಉಳಿದವರ ಜೊತೆ ಮರಾಠಿ ಮಾತಾಡಿ, ನನ್ನ ಜೊತೆ ಮಾತ್ರ ಕನ್ನಡಕ್ಕೆ ತಿರುಗುತ್ತಿದ್ದಳು. ಉಳಿದವರಿಗೆ ನಾನು 'ಮೇಡಂ'. ಇವಳಿಗೆ, ಊರ ಕಡೆ ಶಾಲೆ ಕಲಿಸುವವರನ್ನು ಕರೆಯುವ ಹಾಗೆ, 'ಅಕ್ಕೋರ'.

ಲೈನಿನ ಕೆಲಸ ಕಾಯಂ ಆಗಿರಲಿಲ್ಲ. ಆರ್ಡರು ತಗ್ಗಿದರೆ ಮೊದಲು ಮನೆಗೆ ಕಳಿಸುತ್ತಿದ್ದದ್ದು ಈ ಹೆಂಗಸರನ್ನೇ. ಸುರಪುರದವಳನ್ನು ಹಾಗೆ ಎಷ್ಟೋ ಸಲ ತೆಗೆದು, ಮತ್ತೆ ಕರೆದಿದ್ದರು. ಇನ್ಸ್‌ಪೆಕ್ಟರ್ ಆದರೆ ಕೆಲಸ ಕಾಯಂ. ಲೈನಿನ ಫೋರ್‌ಮನ್‌ಗೆ ಇದು ಸೇರಲಿಲ್ಲ. "ಮುಳ್ಳು ಕೂರಿಸಿದವರೇ ಮುಳ್ಳಿನ ತಪ್ಪು ಹುಡುಕ್ತಾರಾ ಬಾಈ?" ಎಂದು ನನ್ನೆದುರೇ ನಕ್ಕ. ಅವರಷ್ಟು ಚೆನ್ನಾಗಿ ಇನ್ನಾರು ಹುಡುಕಿಯಾರು ಅಂತ ನನಗೆ ಅನಿಸಿತ್ತು. ಅವನಿಗೆ ಹೇಳಲಿಲ್ಲ.

ಮೊದಲ ಪಾಳಿ ಬಿಟ್ಟ ಮೇಲೆ ಕ್ಯಾಂಟೀನಿನ ಒಂದು ಮೂಲೆಯಲ್ಲಿ ಪಾಠ ಶುರುವಾಯಿತು. ಆ ಮಾಸ್ತರರು ಹಿಂದೆ ತೆಗೆದ ಪೇಪರುಗಳನ್ನು ತರಿಸಿ ನೋಡಿದ್ದೆ. ಬರೀ ಕೂಡಿ ಭಾಗಿಸುವ ಲೆಕ್ಕ ಅದರಲ್ಲಿ ಕಡಿಮೆ. ಅಳತೆಗಳಲ್ಲಿ ಒಂದನ್ನು ಎಕ್ಸ್ ಎಂದು ಬಿಟ್ಟು, ಸರಾಸರಿ ಇಷ್ಟು, ಎಕ್ಸ್ ಎಷ್ಟು ಎಂದು ಕೇಳುವುದೇ ಹೆಚ್ಚು.

ಸರಾಸರಿಯಿಂದ ಹಿಡಿದೆ. ಐದು ಗೇಜುಗಳ ಸರಾಸರಿ ಐವತ್ತು. ನಾಲ್ಕರ ಅಳತೆ ನಲವತ್ತೊಂಬತ್ತು, ಐವತ್ತು, ಐವತ್ತೆರಡು, ನಲವತ್ತೆಂಟು. ಐದನೆಯದು ಎಷ್ಟು? ಸೂತ್ರ ಬರೆದರೆ ಎಕ್ಸ್ ನೋಡಿಯೇ ಕೈ ನಿಲ್ಲುತ್ತಿತ್ತು. ಅದಕ್ಕೆ ಸೂತ್ರವನ್ನು ಆಮೇಲೆ ಇಟ್ಟುಕೊಂಡೆ. "ಸರಾಸರಿ ಐವತ್ತು ಅಂದ್ರೆ, ಐದೂ ಗೇಜು ಸಮ ಹಂಚಿಕೊಂಡಿದ್ರೆ ಒಂದೊಂದಕ್ಕೆ ಐವತ್ತು ಬರ್ತಿತ್ತು ಅಂತ. ಹಾಗಾದ್ರೆ ಎಲ್ಲ ಸೇರಿ ಎಷ್ಟಿರಬೇಕು?" ಇನ್ನೂರ ಐವತ್ತು ಎಂದರು. "ಗೊತ್ತಿರೋ ನಾಲ್ಕನ್ನ ಕೂಡಿಸಿ." ನೂರ ತೊಂಬತ್ತೊಂಬತ್ತು. "ಉಳಿದದ್ದು ಯಾರದ್ದು?" ಐವತ್ತೊಂದು ಎಂಬ ಉತ್ತರ ನಾಲ್ಕು ಬಾಯಿಂದಲೂ ಒಟ್ಟಿಗೇ ಬಂತು. ಮೊದಲು ಮೊತ್ತ, ಆಮೇಲೆ ಕಳೆ. ಇಷ್ಟು ಹಿಡಿದುಕೊಂಡ ಮೇಲೆ ಎಕ್ಸನ್ನು ಎಲ್ಲಿ ಬಚ್ಚಿಟ್ಟರೂ ಹೊರಗೆ ಎಳೆದುಬಿಡುತ್ತಿದ್ದರು.

ಮಧ್ಯಾಂಕಕ್ಕೆ ಬಂದಾಗ ಎಲ್ಲ ಕೆಟ್ಟಿತು. ಅಳತೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಬರೆದರೆ ನಟ್ಟನಡುವೆ ಸಿಗುವುದೇ ಮಧ್ಯಾಂಕ. ಇದು ಬಾಯಿಪಾಠ ಬರುತ್ತಿತ್ತು. ಒಂದು ಎಕ್ಸ್ ಸೇರಿಸಿದರೆ ಅದು ಪ್ರಶ್ನೆಯಲ್ಲಿ ಎಲ್ಲಿ ಅಚ್ಚಾಗಿದೆಯೋ ಅಲ್ಲೇ ಅದರ ಜಾಗ ಎಂದು ನಂಬಿಬಿಡುತ್ತಿದ್ದರು. ನಾನೇ ಒಂದು ಪರೀಕ್ಷೆ ಕೊಟ್ಟೆ: ಎಕ್ಸ್, ಹದಿನೆಂಟು, ಹನ್ನೊಂದು, ಇಪ್ಪತ್ತೈದು, ಹದಿನಾಲ್ಕು, ಮಧ್ಯಾಂಕ ಹದಿನಾರು. ಮೂವರು ಜಾಗ ಖಾಲಿ ಬಿಟ್ಟಿದ್ದರು. ಇನ್ನೊಬ್ಬಳು ನಡುವೆ ಅಚ್ಚಾಗಿದ್ದ ಹನ್ನೊಂದನ್ನು ಹೊಡೆದು ಹದಿನಾರು ಬರೆದಿದ್ದಳು. ಅದೇ ವಾರ ಫೋರ್‌ಮನ್ ಓವರ್‌ಟೈಮ್ ಎಂದು ಇಬ್ಬರನ್ನು ಪಾಠದ ಹೊತ್ತಿಗೇ ಹಿಡಿದಿಟ್ಟುಕೊಂಡ. ನಾಲ್ವರಲ್ಲಿ ಹಿರಿಯಳು ಬಂದು, "ಮೇಡಂ, ನನ್ನ ಹೆಸರು ತೆಗೆದುಬಿಡಿ. ಈ ವಯಸ್ಸಿಗೆ ನಗೆಪಾಟಲು ಬೇಡ," ಎಂದಳು.

ಹೆಸರು ತೆಗೆಯಲಿಲ್ಲ. ಓವರ್‌ಟೈಮಿನ ಮಾತನ್ನು ಮ್ಯಾನೇಜರರ ಹತ್ತಿರ ಮುಗಿಸಿ ಬಂದೆ. ಆಮೇಲೆ ನನ್ನ ಪಾಠದ ಮೇಲೆ ಕಣ್ಣಿಟ್ಟೆ. ಪೆನ್ಸಿಲು, ಕಾಗದ ಇರುವವರೆಗೂ ಎಕ್ಸ್ ಅಚ್ಚಾದ ಜಾಗ ಬಿಟ್ಟು ಕದಲುವುದಿಲ್ಲ, ಅದು ನನಗೆ ಸ್ಪಷ್ಟವಾಯಿತು. ಮರುದಿನ ಕಾಗದ ಒಯ್ಯಲಿಲ್ಲ. ಸ್ಟೋರಿನಿಂದ ಬೇರೆಬೇರೆ ಉದ್ದದ ಬೋಲ್ಟು, ಒಂದು ಟ್ರೇ, ಒಂದು ಒರೆಸುವ ಬಟ್ಟೆ ತಂದೆ. ನಾಲ್ಕು ಬೋಲ್ಟನ್ನು ಗಿಡ್ಡದರಿಂದ ಉದ್ದಕ್ಕೆ ಸಾಲಾಗಿ ನಿಲ್ಲಿಸಿ, ಐದನೆಯದನ್ನು ಬಟ್ಟೆಯೊಳಗೆ ಮುಚ್ಚಿ ಹಿಡಿದೆ.

"ಇದು ಎಲ್ಲಿ ನಿಲ್ಲಬೇಕು?"

"ಕಾಣದಿದ್ರ ಹೆಂಗ ಹೇಳೂದ್ರಿ?" ಎಂದಳು ಸುರಪುರದವಳು.

"ಅದು ಬಂದ ಮೇಲೆ ನಡುವೆ ನಿಲ್ಲೋದು ಯಾವುದು ಅಂತ ಒಂದೇ ಸುಳಿವು ಕೊಡ್ತೀನಿ. ಆಗ ಹೇಳೋಕಾಗುತ್ತಾ ನೋಡಿ."

ಗುಟ್ಟೆಲ್ಲ ಅಲ್ಲೇ ಇತ್ತು. ಗೊತ್ತಿರುವ ನಾಲ್ಕರ ನಡುವೆ, ಎರಡನೆಯದಕ್ಕೂ ಮೂರನೆಯದಕ್ಕೂ ಮಧ್ಯೆ ಬೀಳುವ ಉದ್ದ ಹೇಳಿದರೆ, ಅದು ಮುಚ್ಚಿಟ್ಟ ಬೋಲ್ಟೇ ಆಗಿರಬೇಕು. ಬೇರೆ ಯಾವುದಕ್ಕೂ ಆ ಉದ್ದವಿಲ್ಲ. ಆದರೆ ಟ್ರೇಯಲ್ಲಿರುವ ಮೂರನೆಯದೇ ನಡುವೆ ನಿಲ್ಲುತ್ತದೆ ಎಂದರೆ? ಹಿರಿಯಳು ಬಟ್ಟೆಯ ಗಂಟನ್ನು ಟ್ರೇಯ ಮೇಲೆ ಎಡಕ್ಕೆ ಒಯ್ದಳು, ಬಲಕ್ಕೆ ಒಯ್ದಳು. ಎಡಕ್ಕಿಟ್ಟರೆ ಮೂರನೆಯದು ನಾಲ್ಕನೆಯದಾಗಿಬಿಡುತ್ತದೆ. ಬಲಕ್ಕಿಟ್ಟರೆ ನಡುವೆಯೇ ಉಳಿಯುತ್ತದೆ. "ಅಂದ್ರೆ ಮುಚ್ಚಿದ್ದು ಇದರಷ್ಟೇ ಇರಬೇಕು, ಇಲ್ಲಾ ಇದಕ್ಕಿಂತ ಉದ್ದ," ಎಂದಳು. "ಎಷ್ಟು ಉದ್ದ?" ಅಂದೆ. ತಡೆದು, "ಅದನ್ನ ಹೇಳೋಕಾಗಲ್ಲ. ಗೇಣುದ್ದ ಇದ್ರೂ ನಡುವಿನದು ಬದಲಾಗಲ್ಲ," ಎಂದು ತಾನೇ ನಕ್ಕಳು. ಹೆಸರು ತೆಗೆಯಿರಿ ಎಂಬ ಮಾತು ಮತ್ತೆ ಬರಲಿಲ್ಲ.

ಆಮೇಲಿನ ದಿನಗಳು ಚುರುಕಾಗಿ ಸಾಗಿದವು. ಗೊತ್ತಿರುವುದನ್ನು ಮೊದಲು ಸಾಲು ಹಚ್ಚುವುದು, ಎಕ್ಸನ್ನು ಹೊರಗಿಡುವುದು, ಎಡ, ನಡು, ಬಲ ಮೂರೂ ಕಡೆ ಇಟ್ಟು ನೋಡುವುದು. ಸರಾಸರಿಯನ್ನೂ ಕೊಟ್ಟಿದ್ದರೆ ಒಂದೇ ಅಂಕಿ ಸಿಗುತ್ತದೆ. ಮಧ್ಯಾಂಕ ಮಾತ್ರ ಕೊಟ್ಟಿದ್ದರೆ ಕೆಲವು ಸಲ 'ಇಷ್ಟು ಅಥವಾ ಇದಕ್ಕಿಂತ ಹೆಚ್ಚು' ಎಂಬುದೇ ಪೂರ್ತಿ ಉತ್ತರ. ಪರೀಕ್ಷೆಯ ಹಿಂದಿನ ದಿನ ಸುರಪುರದವಳು ಕೇಳಿದಳು, "ಅಕ್ಕೋರ, ಪೇಪರ್ ತಗ್ಯಾವ್ರು ಒಂದ ಅಂಕಿ ಬೇಕಂದ್ರ?"

"ಸರಿ ಇದ್ದದ್ದನ್ನ ಬರಿ," ಎಂದೆ. ಅವಳ ಪ್ರಶ್ನೆಯ ಹಿಂದೆ ಎಷ್ಟು ಯೋಚನೆ ಇತ್ತು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಫಲಿತಾಂಶ ಬಂದ ದಿನ ಮ್ಯಾನೇಜರ್ ನನ್ನನ್ನು ಕರೆದು ಉತ್ತರಪತ್ರಿಕೆಗಳನ್ನು ಮುಂದಿಟ್ಟರು. ನನ್ನವರಲ್ಲಿ ಪಾಸಾದವಳು ಸುರಪುರದವಳು ಒಬ್ಬಳೇ. ಉಳಿದ ಮೂವರೂ ಕೂದಲೆಳೆಯಲ್ಲಿ ಹೋಗಿದ್ದರು. ಮೂವರ ಪತ್ರಿಕೆಯಲ್ಲೂ ಒಂದೇ ಪ್ರಶ್ನೆಗೆ ಕೆಂಪು ಕಾಟು ಬಿದ್ದಿತ್ತು. ಒಂಬತ್ತು, ಹದಿನೈದು, ಎಕ್ಸ್, ಹನ್ನೆರಡು, ಇಪ್ಪತ್ತು, ಮಧ್ಯಾಂಕ ಹದಿನೈದು, ಎಕ್ಸ್ ಎಷ್ಟು? ಮೂವರೂ ಬರೆದದ್ದು 'ಹದಿನೈದು, ಅಥವಾ ಅದಕ್ಕಿಂತ ಹೆಚ್ಚು'. ಮಾಸ್ತರರ ಉತ್ತರ ಹದಿನೈದು, ಅಷ್ಟೇ. ಪಾಸಾದ ಐಟಿಐ ಹುಡುಗರೂ ಹದಿನೈದು ಎಂದೇ ಬರೆದಿದ್ದರು. ಸುರಪುರದವಳೂ.

"ಸರ್, ಈ ಮೂವರ ಉತ್ತರ ಸರಿ ಇದೆ," ಅಂದೆ.

"ಬಾಈ, ಅವರು ಇಪ್ಪತ್ತು ವರ್ಷದಿಂದ ಕಲಿಸ್ತಾ ಇದ್ದಾರೆ."

"ಹಾಗಾದ್ರೆ ಅವರಿಗೆ ಒಂದು ನಿಮಿಷವೂ ಬೇಕಾಗಲ್ಲ. ನನ್ನನ್ನ ಅವರ ಹತ್ತಿರ ಕರಕೊಂಡು ಹೋಗಿ."

ಗುರುವಾರ ನಮ್ಮ ಕಾರ್ಖಾನೆಗೆ ರಜೆ. ಅಂದು ಸಂಜೆ ಹೋಗುವುದೆಂದಾಯಿತು. ಬುಧವಾರ ಪಾಳಿ ಬಿಟ್ಟಾಗ ಸುರಪುರದವಳು ಗೇಟಿನ ಹತ್ತಿರ ನನಗಾಗಿ ಕಾಯುತ್ತ ನಿಂತಿದ್ದಳು. ಸುದ್ದಿ ಅವಳಿಗೆ ತಲುಪಿತ್ತು.

"ಅಕ್ಕೋರ, ಒಂದ್ ಮಾತು ಹೇಳ್ಬೇಕ್ರಿ. ನಂಗೂ ಗೊತ್ತಿತ್ರಿ. ಹದಿನೈದೂ ಆಗ್ತದ, ನೂರೂ ಆಗ್ತದ ಅಂತ. ಬೇಕಂತ್ಲೇ ಹದಿನೈದು ಅಂತ ಬರದು ಬಿಟ್ಟೆ."

"ಯಾಕವಾ?"

"ಎಕ್ಸ್ ನಡಕ ಅಚ್ಚ್ ಹಾಕ್ಯಾರ, ಮಧ್ಯಾಂಕ ಹದಿನೈದು ಅಂದಾರ. ಪೇಪರ್ ತಗದವ್ರ ಮನಸಿನ್ಯಾಗ ಏನದ ಅಂತ ಗೊತ್ತಾತ್ರಿ. ಈ ಸಲ ಲೈನಿನಿಂದ ತಗದ್ರ ಮನಿ ನಡಿಯೂದು ಭಾಳ ಕಷ್ಟ ಅದ. ಅದಕ್ಕ…" ಸೆರಗಿನ ತುದಿ ಬೆರಳಿಗೆ ಸುತ್ತಿ ಬಿಚ್ಚಿದಳು.

ನನಗೆ ಸಿಟ್ಟು ಬರಬೇಕಿತ್ತೇನೋ. ಬರಲಿಲ್ಲ. ಬದಲಿಗೆ ಒಂದು ತೊಡಕು ಕಣ್ಣಿಗೆ ಬಿತ್ತು. "ನಾಳೆ ನಾನು ಹೋಗಿ ವಾದ ಮಾಡಿ ಗೆದ್ರ, ಅವ್ರು ಎಲ್ಲಾರ ಪೇಪರೂ ಮತ್ತ ತಿದ್ತಾರ. ಬರೀ ಹದಿನೈದು ಬರದವ್ರ ಅಂಕ ಕಡಿಮಿ ಆಗಬಹುದು. ನಿಂದೂ. ನೀ ದಾಟಿದ್ದು ಅಷ್ಟಕ್ಕಷ್ಟ."

"ಗೊತ್ತದ್ರಿ. ಅದಕ್ಕ ನಿಂತೀನಿ." ತಲೆ ಎತ್ತಿ ನೋಡಿದಳು. "ನೀವು ಹೋಗ್ರಿ ಅಕ್ಕೋರ. ಅವ್ರು ಮೂವರೂ ನನ್ನ ಸಂಗಾಟ ಕುಂತು ಕಲ್ತಾರ. ನಾ ಒಬ್ಬಾಕಿ ಇನ್ಸ್‌ಪೆಕ್ಟರ್ ಬಿಳಿ ಕೋಟು ಹಾಕ್ಕೊಂಡು ಅವ್ರ ಮುಂದ ಹೆಂಗ ಅಡ್ಡಾಡ್ಲಿ?"

ಮಾಸ್ತರರ ಮನೆ ಧನಕವಡಿಯಲ್ಲಿ. ಭೋಸರಿಯಿಂದ ಊರು ದಾಟಿ ಆ ತುದಿಗೆ ಹೋಗಬೇಕು. ಮ್ಯಾನೇಜರ್ ಜೊತೆ ಕಂಪನಿಯ ಜೀಪಿನಲ್ಲಿ ಹೋದೆ. ಮಾಸ್ತರರು ತೆಳ್ಳಗಿನ, ಮೆಲುದನಿಯ ಮನುಷ್ಯ. ಕೂರಿಸಿ ಚಹಾ ತರಿಸಿದರು. ಅವರ ತಪ್ಪು ಎತ್ತಿ ತೋರಿಸುವ ಹಾಗೆ ಮಾತು ಶುರುಮಾಡಲು ನನಗೆ ಮನಸ್ಸಿರಲಿಲ್ಲ.

"ಸರ್, ಈ ಪ್ರಶ್ನೇಲಿ ಎಕ್ಸ್ ಜಾಗಕ್ಕೆ ನೂರು ಹಾಕಿ ನೋಡ್ತೀರಾ?" ಎಂದಷ್ಟೇ ಕೇಳಿದೆ.

ಪೇಪರಿನ ಅಂಚಿನಲ್ಲಿ ಬರೆದರು. ಒಂಬತ್ತು, ಹನ್ನೆರಡು, ಹದಿನೈದು, ಇಪ್ಪತ್ತು, ನೂರು. ಪೆನ್ನಿನ ತುದಿ ಹದಿನೈದರ ಮೇಲೆ ನಿಂತಿತು. ಹದಿನಾರು ಹಾಕಿ ನೋಡಿದರು. ಹದಿಮೂರು ಹಾಕಿದರು. ಹದಿಮೂರಕ್ಕೆ ಮಧ್ಯಾಂಕ ತಪ್ಪಿತು. ಮ್ಯಾನೇಜರ್ ಕುರ್ಚಿಯ ತುದಿಗೆ ಸರಿದು ಬಗ್ಗಿ ನೋಡುತ್ತಿದ್ದರು.

"ಸರಾಸರಿಯನ್ನೂ ಕೊಡಬೇಕಾಗಿತ್ತು," ಎಂದರು ಮಾಸ್ತರರು ಕೊನೆಗೆ. "ಸರಾಸರಿ ಹದಿನಾರು ಅಂದಿದ್ರೆ ಮೊತ್ತ ಎಂಬತ್ತು, ಎಕ್ಸ್ ಇಪ್ಪತ್ನಾಲ್ಕು, ಒಂದೇ ಉತ್ತರ. ನಾನು ಅವಸರ ಮಾಡಿದೆ." ದನಿ ಏರಲಿಲ್ಲ, ಇಳಿಯಲಿಲ್ಲ. ಕೆಂಪು ಪೆನ್ನು ತೆಗೆದು ಮೂವರಿಗೂ ಪೂರ್ತಿ ಅಂಕ ಕೊಟ್ಟರು. ಆಮೇಲೆ ಉಳಿದ ಕಟ್ಟು ಎಳೆದುಕೊಂಡರು. "ಬರೀ ಹದಿನೈದು ಅಂದವರದ್ದು ತಪ್ಪಲ್ಲ. ಆದರೆ ಪೂರ್ತಿ ಅಲ್ಲ. ಅರ್ಧ." ಸುರಪುರದವಳ ಪತ್ರಿಕೆ ತಿದ್ದುವುದನ್ನು ನೋಡುತ್ತ ಕೂತೆ. ಅವಳೂ ಇಬ್ಬರು ಹುಡುಗರೂ ಗೆರೆಯಿಂದ ಕೆಳಗೆ ಜಾರಿದರು. "ಪ್ರಶ್ನೆಯೇ ಸರಿ ಇರಲಿಲ್ಲ, ಅವರನ್ನು ಒಂದೇ ಸಲಕ್ಕೆ ತೆಗೆದುಹಾಕೋದು ನ್ಯಾಯ ಅಲ್ಲ. ಕರೆದು ಬಾಯಿಮಾತಿನಲ್ಲಿ ಕೇಳಿ ನೋಡಿ," ಎಂದು ಮ್ಯಾನೇಜರರಿಗೆ ಹೇಳಿ ಕಳಿಸಿದರು.

ಮ್ಯಾನೇಜರರ ಕೋಣೆಯಲ್ಲಿ ಆ ಮೌಖಿಕ ಪರೀಕ್ಷೆ ನಡೆಯಿತು. ಹುಡುಗರಿಬ್ಬರಲ್ಲಿ ಒಬ್ಬ ತಡವರಿಸಿದ, ಇನ್ನೊಬ್ಬ ದಾಟಿದ. ಸುರಪುರದವಳಿಗೆ ಮ್ಯಾನೇಜರ್ ಎರಡು ಲೆಕ್ಕ ಕೊಟ್ಟರು. ಪೆನ್ಸಿಲು ಮುಟ್ಟದೆ ಬಿಡಿಸಿದಳು.

"ಇಷ್ಟು ಬರ್ತಿದ್ರೆ ಪೇಪರಿನಲ್ಲಿ ಯಾಕೆ ಅರ್ಧ ಬರೆದೆ?"

ಸುಳ್ಳು ಹೇಳಿ ಪಾರಾಗಬಹುದಿತ್ತು. ಮರೆತೆ ಎಂದರೆ ಸಾಕಿತ್ತು. ಅವಳು ಮರಾಠಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಪೇಪರ್ ತೆಗೆದವರಿಗೆ ಏನು ಬೇಕೋ ಅದನ್ನು ಬರೆದೆ ಸಾಹೇಬ್, ಕೆಲಸ ಬೇಕಾಗಿತ್ತು.

ಅವಳನ್ನು ಹೊರಗೆ ಕಳಿಸಿ ಮ್ಯಾನೇಜರ್ ನನ್ನ ಕಡೆ ತಿರುಗಿದರು. "ಕೇಳಿದಿರಲ್ಲ? ಎದುರಿನವರಿಗೆ ಬೇಕಾದ್ದನ್ನ ಬರೆಯೋರನ್ನ ತಪಾಸಣೆಗೆ ಹಾಕಲಾ? ಬಾಯ್ಲರ್ ಮೇಲೆ ಕೂತ ಗೇಜು ಸುಳ್ಳು ಹೇಳಿದ್ರೆ ಏನಾಗುತ್ತೆ ಗೊತ್ತಲ್ಲ?"

ಆ ಮಾತು ಸುಳ್ಳಲ್ಲ. ತೂಕ ಇದ್ದ ಮಾತೇ. ನಾನು ಯೋಚಿಸಿ ಹೇಳಿದೆ, "ಸರ್, ನಾವು ಇಟ್ಟ ಪರೀಕ್ಷೆ ಹಾಗೆ ಬರೆದವರನ್ನೇ ಪಾಸು ಮಾಡ್ತು. ಅವಳು ಅದನ್ನ ನೋಡಿ ಬರೆದಳು. ಈಗ ನೀವು ಕೇಳಿದಾಗ, ತನಗೇ ನಷ್ಟ ಅಂತ ಗೊತ್ತಿದ್ದೂ ನಿಜ ಹೇಳಿದಳು. ಮೂರು ತಿಂಗಳು ಕೊಡಿ. ಜವಾಬ್ದಾರಿ ನನ್ನದು."

ಕಿಟಕಿಯಾಚೆ ಫೋರ್ಕ್‌ಲಿಫ್ಟ್ ಹಿಂದೆ ಮುಂದೆ ಓಡಾಡುವುದನ್ನು ಅವರು ಬಹಳ ಹೊತ್ತು ನೋಡಿದರು. "ಮೂರು ತಿಂಗಳು. ಅದರ ಮೇಲೆ ಒಂದು ದಿನವೂ ಇಲ್ಲ," ಎಂದರು.

ಹೀಗೆ ನಾಲ್ವರೂ ಗೇಜು ಪರೀಕ್ಷಿಸುವ ಟೆಸ್ಟ್ ಬೆಂಚಿನ ಹತ್ತಿರ ಬಂದರು, ಮೂವರು ಕಾಯಂ ಆಗಿ, ಒಬ್ಬಳು ನನ್ನ ಮಾತಿನ ಮೇಲೆ. ಕೋಟುಗಳು ಗಂಡಸರ ಅಳತೆಯವು. ಹಿರಿಯಳು ಎಲ್ಲರ ತೋಳೂ ಮಡಚಿ ಹೊಲಿದು ಕೊಟ್ಟಳು. ಮೊದಮೊದಲು ಫೋರ್‌ಮನ್ ಪ್ರತಿ ಲಾಟಿಗೂ ತಕರಾರು ತೆಗೆಯುತ್ತಿದ್ದ. ಬರಬರುತ್ತ ಅದು ಕಡಿಮೆಯಾಯಿತು.

ಮೂರು ತಿಂಗಳು ಮುಗಿಯಲು ಇನ್ನೂ ಸ್ವಲ್ಪ ದಿನವಿತ್ತು. ತಂಗಿಯ ಮದುವೆಗೆಂದು ನಾನು ಧಾರವಾಡಕ್ಕೆ ಹೋದೆ. ವಾಪಸು ಬಂದ ಬೆಳಿಗ್ಗೆ ಗೇಟಿನಲ್ಲೇ ಕರೆ ಬಂತು, ಮ್ಯಾನೇಜರ್ ಕರೀತಿದ್ದಾರೆ ಎಂದು.

"ನಿಮ್ಮ ಆ ಬಾಈ ನನ್ನ ಲಾಟು ನಿಲ್ಲಿಸಿದಳು," ಎಂದರು ನಾನು ಕೂರುವ ಮೊದಲೇ.

ನಡೆದದ್ದು ಇಷ್ಟು. ನೂರರ ಒತ್ತಡಕ್ಕೆ ಪರೀಕ್ಷಿಸಲು ಒಂದು ಲಾಟಿನಿಂದ ಐದು ಗೇಜು ತೆಗೆದಿದ್ದರು. ನಾಲ್ಕರ ಅಳತೆ ತೊಂಬತ್ತೊಂಬತ್ತು, ನೂರು, ನೂರು, ನೂರ ಒಂದು. ಐದನೆಯದರ ಗಾಜು ಒಡೆದಿದೆ ಎಂದು ಯಾರೋ ಅಳತೆ ನೋಡುವ ಮೊದಲೇ ಎತ್ತಿ ಬದಿಗಿಟ್ಟಿದ್ದರು. ಲಾರಿ ಗೇಟಿನಲ್ಲಿ ನಿಂತಿತ್ತು. ಫೋರ್‌ಮನ್ ಸುರಪುರದವಳ ಹತ್ತಿರ ಬಂದು, "ಐದನೇದು ಎಷ್ಟೇ ಇರಲಿ, ಮಧ್ಯಾಂಕ ನೂರೇ ಬರುತ್ತೆ. ನೀನೇ ಲೆಕ್ಕ ಹಾಕಿ ನೋಡು. ಸರಾಸರಿ ಜಾಗದಲ್ಲೂ ನೂರು ಬರೆದು ಸಹಿ ಹಾಕು," ಎಂದನಂತೆ. ಮಧ್ಯಾಂಕದ ಮಟ್ಟಿಗೆ ಅವನ ಮಾತು ಪೂರ್ತಿ ಸರಿ. ಆ ನಾಲ್ಕರ ಜೊತೆ ಸೊನ್ನೆ ಸೇರಿಸಿದರೂ ಸಾವಿರ ಸೇರಿಸಿದರೂ ನಡುವೆ ನಿಲ್ಲುವುದು ನೂರೇ.

ಅವಳು ಸರ್ಟಿಫಿಕೇಟಿನಲ್ಲಿ ಬರೆದದ್ದು: ಮಧ್ಯಾಂಕ ನೂರು. ಐದನೆಯ ಗೇಜು ನೋಡಿಲ್ಲ. ಸರಾಸರಿ ಹೇಳಲಾಗದು. ಲಾಟು ನಿಲ್ಲಿಸಿದೆ.

ಫೋರ್‌ಮನ್ ಕೂಗಾಡಿ ಅವಳನ್ನು ಮ್ಯಾನೇಜರರ ಹತ್ತಿರ ಎಳೆದು ತಂದ. ಮ್ಯಾನೇಜರ್ ಬದಿಗಿಟ್ಟ ಗೇಜನ್ನು ತರಿಸಿ, ತಾವೇ ಬೆಂಚಿಗೆ ಹಾಕಿದರು. ಗಾಜಿಗೂ ಅಳತೆಗೂ ಸಂಬಂಧ ಇರಲಿಲ್ಲ. ಮುಳ್ಳು ನೂರು ದಾಟಿ ನೂರ ಇಪ್ಪತ್ತಕ್ಕೆ ಹೋಗಿ ನಿಂತಿತು. ಬಿಚ್ಚಿ ನೋಡಿದರೆ ಒಳಗಿನ ಕೊಂಡಿಯ ಸ್ಕ್ರೂ ಸಡಿಲ. ಲಾಟು ಪೂರ್ತಿ ಇಳಿಸಿ ನೋಡಿದಾಗ ಅಂಥ ಇನ್ನೂ ಕೆಲವು ಸಿಕ್ಕವು.

ಮ್ಯಾನೇಜರ್ ಡ್ರಾಯರ್ ಎಳೆದು, ಅವಳನ್ನು ಕಾಯಂ ಮಾಡಿದ ಕಾಗದ ನನ್ನ ಕಡೆ ತಳ್ಳಿದರು. ಸಹಿ ಆಗಲೇ ಆಗಿತ್ತು. "ನೀವೇ ಕೊಡಿ," ಎಂದು ಫೋನು ಎತ್ತಿಕೊಂಡರು.

ಬೆಂಚಿನ ಹತ್ತಿರ ಹೋದೆ. ಅವಳು ಒಂದು ಗೇಜಿನ ಮುಳ್ಳು ನೆಲೆಗೊಳ್ಳುವುದನ್ನು ಕಾಯುತ್ತ ನಿಂತಿದ್ದಳು. ಅಳತೆ ಬರೆದುಕೊಂಡ ಮೇಲೆಯೇ ನನ್ನ ಕಡೆ ತಿರುಗಿದಳು. ಕಾಗದ ಕೈಗಿಟ್ಟೆ. ಓದಿ, ಮಡಚಿ, ಕೋಟಿನ ಜೇಬಿಗೆ ಹಾಕಿಕೊಂಡಳು.

"ಲಾರಿ ನಿಂತಿತ್ತು, ಫೋರ್‌ಮನ್ ತಲಿ ಮ್ಯಾಲೆ ಕುಂತಿದ್ದ. ನಾನೂ ಊರಾಗ ಇರಲಿಲ್ಲ," ಎಂದೆ. "ಅಂಜಿಕಿ ಬರಲಿಲ್ಲೇನವಾ?"

"ಬಂತ್ರಿ ಅಕ್ಕೋರ, ಯಾಕ ಬರೂದಿಲ್ಲ?" ಎಂದು ಅವಳು ಮುಂದಿನ ಗೇಜನ್ನು ಬೆಂಚಿಗೆ ತಿರುವಿ ಕೂರಿಸಿದಳು. "ಅಂಜ್ಕೋತ ಬರದೀನ್ರಿ. ಆದ್ರ ಪೂರ್ತಿ ಬರದೀನಿ."